ಅಡೆತಡೆ: ಒಂದು, ಚಲಿಸುವಂಥದ್ದು

ನಮ್ಮೂರಿನಲ್ಲಿ ಬೆಳಗ್ಗೆ ಬಾಗಿಲಿಗೆ ನೀರು ಹಾಕಲು ಬಂದ ಹೆಂಗಸರು ಮೊದಲು ತಲೆಯೆತ್ತಿ ಗುಡ್ಡ ಎಲ್ಲಿ ಕೂತಿದೆ ಎಂದು ನೋಡುತ್ತಾರೆ. ಮೂಡಣಕ್ಕೆ ಕೂತಿದ್ದರೆ ಬಿಸಿಲು ತಡ, ಹಪ್ಪಳ ಸಂಡಿಗೆಯ ಕೆಲಸ ಮಧ್ಯಾಹ್ನಕ್ಕೆ. ಪಡುವಣಕ್ಕೆ ಕೂತಿದ್ದರೆ ಸಂಜೆ ಬೇಗ ತಂಪು. ಕೆರೆಯ ದಾರಿಯಲ್ಲಿ ಕೂತಿದ್ದರೆ ಬಟ್ಟೆಯ ಗಂಟು ಹೊತ್ತು ಸುತ್ತು ಹಾಕಬೇಕು, ಅವತ್ತು ಗಂಡಸರ ದೊಡ್ಡ ಪಂಚೆಗಳು ಒಗೆಯದೆ ಉಳಿಯುತ್ತವೆ. ಅದು ಯಾರ ಮನೆಯ ಮೇಲೂ ಕೂತದ್ದಿಲ್ಲ, ಬೆಳೆ ನಿಂತ ಹೊಲದ ಮೇಲೂ ಕೂತದ್ದಿಲ್ಲ. ಆ ಮಟ್ಟಿಗೆ ಮರ್ಯಾದೆ ಬಲ್ಲ ಗುಡ್ಡ. ಏಳುವ ಮುನ್ನ ಎಮ್ಮೆಯ ಹಾಗೆ ಒಂದು ದೊಡ್ಡ ಉಸಿರು ಬಿಡುತ್ತದೆ, ಮೇಲೆ ಮೇಯುತ್ತಿರುವ ಆಡುಗಳು ಕಿವಿ ನಿಮಿರಿಸುತ್ತವೆ, ಅಷ್ಟೇ. ಆಮೇಲೆ ಕೆರೆಯ ಮೇಲಿನ ತೆಪ್ಪದಂತೆ ಸದ್ದಿಲ್ಲದೆ ಹೋಗುತ್ತದೆ. ಊರು ಹರಡಿಕೊಂಡಿರುವುದೇ ಅದಕ್ಕೆ ಜಾಗ ಬಿಟ್ಟು: ಇಲ್ಲೊಂದು ಓಣಿ, ಅಲ್ಲೊಂದು ಓಣಿ, ನಡುವೆ ಬೇಕಾದಷ್ಟು ಬಯಲು.

ಇಂಥ ಊರಿನಲ್ಲಿ ನಾನು ಗಾಳಿಯ ಮೇಲೆ ಇಂಟರ್‌ನೆಟ್ ಮಾರುತ್ತೇನೆ. ನನ್ನ ಹೆಸರು ದಾಕ್ಷಾಯಣಿ, ಊರಿಗೆಲ್ಲ ನೆಟ್ಟಿನ ಅಕ್ಕ. ಮೊದಲು ಕೇಬಲ್ ಟಿವಿ ನಡೆಸುತ್ತಿದ್ದೆ. ಕೇಬಲ್ಲಿನ ಮೇಲೆ ಗುಡ್ಡ ಕೂತು ಏಳುವಷ್ಟರಲ್ಲಿ ಧಾರಾವಾಹಿಯ ಸೊಸೆ ಅತ್ತೆಯಾಗಿರುತ್ತಿದ್ದಳು, ನಡುವೆ ಏನಾಯಿತೆಂದು ಜನ ನನ್ನನ್ನು ಕೇಳುತ್ತಿದ್ದರು. ಸಾಕಾಗಿ ತಂತಿಯನ್ನೇ ಬಿಟ್ಟೆ. ಈಗ ಊರಿನ ನೀರಿನ ಟಾಕಿಯ ಮೇಲೆ ನನ್ನ ಕಂಬ ನಿಂತಿದೆ. ಅಲ್ಲಿಂದ ಮನೆಮನೆಯ ಮಾಳಿಗೆಯ ಮೇಲಿರುವ ಪುಟ್ಟ ಡಿಶ್‌ಗೆ ಸಿಗ್ನಲ್ ಹೋಗುತ್ತದೆ. ಕಂಬ ಮತ್ತು ಡಿಶ್ ಒಂದನ್ನೊಂದು ನೇರವಾಗಿ ನೋಡುತ್ತಿರಬೇಕು. ನಡುವೆ ಗುಡ್ಡ ಬಂದರೆ ಮುಗಿಯಿತು.

ನನ್ನ ಜೊತೆ ಕೆಲಸ ಮಾಡುವವನು ಇಮಾಂಸಾಬ. ಕಂಬ ಹತ್ತುವುದೆಂದರೆ ಅವನಿಗೆ ಹುರುಪು, ಇಳಿಯುವುದೆಂದರೆ ಬೇಸರ. ಬುತ್ತಿಯನ್ನೂ ಟಾಕಿಯ ಮೇಲಕ್ಕೇ ಹಗ್ಗ ಕಟ್ಟಿ ಎಳೆದುಕೊಳ್ಳುತ್ತಾನೆ. ಗಿರಾಕಿಗಳು ನೆಟ್ ಬರುತ್ತಿಲ್ಲ ಎಂದು ಫೋನ್ ಮಾಡಿದರೆ ಅಲ್ಲಿಂದಲೇ ಕಣ್ಣು ಹಾಯಿಸಿ, "ನಿಮ್ಮ ಮುಂದ ಗುಡ್ಡ ಕುಂತೈತ್ರಿ. ಎದ್ದ ಕೂಡಲೇ ಬರ್ತೈತಿ" ಎನ್ನುತ್ತಾನೆ. ಅವರೂ, "ಹೌದಲ್ಲ, ನಾ ನೋಡೇ ಇರಲಿಲ್ಲ" ಎಂದು ಫೋನಿಡುತ್ತಾರೆ. ಹೀಗೆ ನಮ್ಮ ವ್ಯಾಪಾರ ನೆಮ್ಮದಿಯಿಂದಲೇ ನಡೆದಿತ್ತು.

ನೆಮ್ಮದಿ ಕೆಡಿಸಿದ್ದು ಸರಕಾರದ ಕವರೇಜ್ ವರದಿ. ಇಂಟರ್‌ನೆಟ್ ಕೊಡುವವರೆಲ್ಲ ವರ್ಷಕ್ಕೆರಡು ಸಲ ಪೋರ್ಟಲ್‌ನಲ್ಲಿ ಊರಿನ ನಕ್ಷೆ ತುಂಬಬೇಕು ಎಂದು ಆದೇಶ ಬಂತು. ನೆಟ್ ಸಿಗುವ ಮನೆ ಹಸಿರು, ಅರೆಬರೆ ಸಿಗುವುದು ಹಳದಿ, ಸಿಗದ್ದು ಬಿಳಿ. ಸಿಗದಿದ್ದರೆ ಅಡ್ಡ ಏನಿದೆ, ಅದು ಭೂಮಿಯ ಮೇಲೆ ಸರಿಯಾಗಿ ಎಲ್ಲಿದೆ, ಅದನ್ನೂ ಬರೆಯಬೇಕು. ನಾನು ಗುಡ್ಡ ಕೂತ ಜಾಗವನ್ನು ಮೊಬೈಲ್‌ನಲ್ಲಿ ಹಿಡಿದು ಬರೆದೆ. ವರದಿ ವಾಪಸ್ಸು ಬಂತು. "ನೀವು ತೋರಿಸಿದ ಸ್ಥಳದಲ್ಲಿ ಗುಡ್ಡವಿಲ್ಲ. ಉಪಗ್ರಹ ಚಿತ್ರದ ಪ್ರಕಾರ ಅಲ್ಲಿ ಎಮ್ಮೆಗಳಿವೆ. ಸಮಜಾಯಿಷಿ ನೀಡಿ." ಸರಿ, ಉಪಗ್ರಹ ಎಲ್ಲಿ ಹೇಳುತ್ತದೋ ಅಲ್ಲೇ ಗುಡ್ಡವನ್ನು ತೋರಿಸಿದೆ. ಹಾಗಾದರೆ ಸ್ಥಳದ ಫೋಟೋ ಲಗತ್ತಿಸಿ ಎಂದರು. ಇಮಾಂಸಾಬನನ್ನು ಕಳಿಸಿದೆ. ಅವನು ಹೋಗುವಷ್ಟರಲ್ಲಿ ಗುಡ್ಡ ಎದ್ದು ಹೋಗಿತ್ತು. ಬರಿಗೈಯಲ್ಲಿ ಯಾಕೆ ಬರುವುದೆಂದು ಅವನು ಬಯಲಲ್ಲಿ ನಿಂತು ತನ್ನದೇ ಫೋಟೋ ತೆಗೆದುಕೊಂಡು ನಗುತ್ತ ಕಳಿಸಿದ. ನಾನು ನೋಡದೆ ಲಗತ್ತಿಸಿದೆ. "ಗುಡ್ಡದ ಬದಲು ವ್ಯಕ್ತಿಯೊಬ್ಬರ ಚಿತ್ರ ಬಂದಿದೆ" ಎಂದು ಅದೂ ವಾಪಸ್ಸು.

ಬೇರೆ ಊರುಗಳಲ್ಲಿ ನನ್ನಂತೆ ಸಣ್ಣದಾಗಿ ನೆಟ್ ಕೊಡುವವರಿಗೆ ಫೋನ್ ಮಾಡಿ ಕೇಳಿದೆ. "ಟಾಕಿ ನಡಕ ಇಟ್ಟು ಸುತ್ತ ಒಂದು ಗುಂಡು ಗೆರಿ ಎಳೀರಿ ಅಕ್ಕಾರ, ಒಳಗಿಂದೆಲ್ಲ ಹಸರು ಬಳೀರಿ. ನಾವೆಲ್ಲ ಅದನ್ನ ಮಾಡೂದು. ಯಾರು ಬಂದು ನೋಡ್ತಾರ?" ಎಂದರು.

ಬಂದು ನೋಡುವವರು ನಮ್ಮೂರಲ್ಲೇ ಇದ್ದರು. ಶಿಂಪಿ ಓಣಿಯ ಸೋನಾಬಾಯಿ ಕುಪ್ಪಸ ಹೊಲಿಯುವುದರಲ್ಲಿ ಹೆಸರಾದವಳು. ದೂರದೂರಿನ ಮದುಮಕ್ಕಳು ವಿಡಿಯೋದಲ್ಲಿ ಸೀರೆ ತೋರಿಸಿ ತೋಳು ಹೀಗಿರಲಿ, ಬೆನ್ನು ಹಾಗಿರಲಿ ಎಂದು ಅವಳಿಗೆ ಹೇಳುತ್ತಾರೆ. ಅವಳ ಓಣಿಯ ಮುಂದಿನ ಬಯಲೆಂದರೆ ಗುಡ್ಡಕ್ಕೆ ಯಾಕೋ ಪ್ರೀತಿ. ಅದು ಅಲ್ಲಿ ಕೂತಾಗಲೆಲ್ಲ ಸೋನಾಬಾಯಿ ಕೊರಳಲ್ಲಿ ಟೇಪು ಹಾಕಿಕೊಂಡೇ ನನ್ನ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಅವಳ ಮನೆಯನ್ನು ಹಸಿರು ಎಂದು ಬರೆದು ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಮೂರನೇ ಸಲ, ಗುಡ್ಡ ಎಲ್ಲಿ ಕೂತರೂ ನೆಟ್ ತಪ್ಪದ ಮನೆಗಳಿಗೆ ಮಾತ್ರ ಹಸಿರು ಕೊಟ್ಟೆ. ಯಾವ ಹೊತ್ತಿಗೆ ಸಿಗುತ್ತದೆಂದು ಹೇಳಲಾಗದ್ದಕ್ಕೆ ಹಳದಿಯನ್ನೂ ಕೊಡದೆ, ಉಳಿದದ್ದನ್ನು ಬಿಳಿ ಬಿಟ್ಟೆ. ಅಡೆತಡೆಯ ವಿವರದಲ್ಲಿ ಇದ್ದದ್ದನ್ನು ಇದ್ದಂತೆ ಬರೆದೆ: ಗುಡ್ಡ ಓಡಾಡುತ್ತದೆ.

ನಕ್ಷೆಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸಬೇಕೆಂದು ನಿಯಮವಿತ್ತು. ಅಂಟಿಸಿದೆ. ಅವತ್ತೇ ಮಲ್ಲಸರ್ಜಪ್ಪಗೌಡರು ಬಂದರು. ಗೌಡರ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಮೊಬೈಲೂ ಇಲ್ಲ, ನನ್ನ ಡಿಶ್ಶೂ ಇಲ್ಲ.

"ಯಾಕವಾ, ನಮ್ಮ ಮನಿ ಯಾಕ ಬಿಳೀದು?" ಎಂದರು.

"ನೀವು ನೆಟ್ ತೊಗೊಂಡಿಲ್ಲಲ್ರಿ ಗೌಡ್ರ."

"ತೊಗೊಳ್ಳೂದು ಬಿಡೂದು ನನ್ನ ಖುಷಿ. ಆ ಬಾರಕೇರ ಯಲ್ಲಪ್ಪನ ಮನಿ ಹಸರು, ನನ್ನ ಮನಿ ಬಿಳೀದು ಅಂದ್ರ ಮಂದಿ ಏನಂತಾರ? ನಾಳೆ ಮೊಮ್ಮಗಳಿಗೆ ವರ ಬಂದ್ರ ಗ್ವಾಡಿ ಮ್ಯಾಲಿಂದು ನೋಡೂದಿಲ್ಲೇನು?"

ಅವರ ಹಿಂದೆ ಅರ್ಧ ಊರೇ ಬಂತು. ನೆಟ್ ಇಲ್ಲದಿದ್ದರೂ ಚಿಂತೆಯಿಲ್ಲ, ಹಸಿರು ಬೇಕು ಎಂಬುದು ಎಲ್ಲರ ವಾದ. ಒಬ್ಬಾತ ಹಳದಿಯಾದರೂ ಸಾಕು, ಅರಿಷಿಣ ಮಂಗಳಕರ ಎಂದ. ಹಸಿರು ಸಿಕ್ಕವರು ಸಿಗದವರ ಮುಂದೆ ಕಟ್ಟೆಯ ಮೇಲೆ ಕಾಲು ಚಾಚಿ ಕೂರತೊಡಗಿದರು. ಸೋನಾಬಾಯಿ ಮಾತ್ರ ನಕ್ಷೆಯನ್ನು ಬಹಳ ಹೊತ್ತು ನೋಡಿ, "ಖರೇ ಬರದೀ ಬಿಡ" ಎಂದಳು. ಆಮೇಲೆ, "ಆದ್ರ ಖರೇ ಬರದ್ರ ನನಗೇನ ಬಂತು?" ಎಂದು ಸೇರಿಸಿದಳು.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಮಹಾಗಗನ ಎಂಬ ದೊಡ್ಡ ಕಂಪನಿ ನಮ್ಮೂರಿನ ಪ್ರತಿ ಮನೆಗೂ ತನ್ನ ನೆಟ್ ಸಿಗುತ್ತದೆ ಎಂದು ಊರನ್ನೆಲ್ಲ ಹಸಿರು ಬಳಿದು ವರದಿ ಕೊಟ್ಟಿತ್ತು. ಅವರ ಟವರ್ ಇದ್ದದ್ದು ಎರಡು ಊರಾಚೆ. ಅವರ ಸಿಮ್ ಹಾಕಿದ ಫೋನು ನಮ್ಮೂರಲ್ಲಿ ರಾತ್ರಿ ದಾರಿ ನೋಡುವ ಬ್ಯಾಟರಿಯಾಗಿ ಮಾತ್ರ ಕೆಲಸಕ್ಕೆ ಬರುತ್ತಿತ್ತು. ಆದರೆ ಕಾಗದದ ಮೇಲೆ ಅವರು ಪೂರ್ತಿ ಹಸಿರು, ನಾನು ಅಲ್ಲಲ್ಲಿ ಹಸಿರು. ನನ್ನ ವರದಿ ಈ ಸಲವೂ ತಿರಸ್ಕೃತವಾದರೆ ಟಾಕಿಯ ಮೇಲಿನ ಕಂಬ ಇಳಿಸಿ ಜಾಗವನ್ನು ಮಹಾಗಗನಕ್ಕೆ ಬಿಡಬೇಕು ಎಂದು ಪತ್ರ ಬಂತು. ಅದಕ್ಕೆ ಮುಂಚೆ ಅಧಿಕಾರಿಯೊಬ್ಬರು ಬಂದು ಪರಿಶೀಲಿಸುತ್ತಾರಂತೆ. ಇಮಾಂಸಾಬ ಆವತ್ತು ಟಾಕಿಯಿಂದ ತಾನಾಗಿಯೇ ಇಳಿದು ಬಂದು ನನ್ನ ಪಕ್ಕ ಕೂತ. ನಾನು ಕರೆಯದೆ ಅವನು ಇಳಿದದ್ದು ನೋಡಿಯೇ ನನಗೆ ಅಳು ಬಂತು.

ಅಧಿಕಾರಿ ಬೆಳಗಿನ ಬಸ್ಸಿಗೆ ಬಂದರು. ಹೆಸರು ಧರಣೇಂದ್ರ. ನಲವತ್ತರ ಹತ್ತಿರದವರು, ಇಸ್ತ್ರಿ ಕೆಡದ ಅಂಗಿ, ಹೆಗಲಲ್ಲಿ ಅಳೆಯುವ ಯಂತ್ರದ ಚೀಲ. ರಾಜಧಾನಿಯ ಕಡೆಯ ಮಾತು. ಎಳನೀರು ಕೊಡಹೋದರೆ, "ಬೇಡಮ್ಮ, ಪರಿಶೀಲನೆ ಮುಗಿಯೋವರೆಗೆ ಏನೂ ತಗೊಳಲ್ಲ" ಎಂದರು. ನನಗೆ ಇನ್ನಷ್ಟು ಭಯವಾಯಿತು.

"ಎಲ್ಲಿದೆ ನಿಮ್ಮ ಗುಡ್ಡ?"

"ಅಲ್ಲೇ ರೀ ಸಾಹೇಬ್ರ, ಕೆರಿ ಕಡೆ ಕುಂತೈತಿ."

"ಕೂತಿದೆ ಅಂದ್ರೆ?"

"ಮುಂಜಾನಿಂದ ಎದ್ದಿಲ್ರಿ."

ಅವರು ನನ್ನನ್ನೊಮ್ಮೆ ನೋಡಿದರು, ಗುಡ್ಡವನ್ನೊಮ್ಮೆ ನೋಡಿದರು, ಏನೋ ಬರೆದುಕೊಂಡರು. ಆಮೇಲೆ ಓಣಿ ಓಣಿ ತಿರುಗಿದೆವು. ಅವರ ಫೋನಿನಲ್ಲಿದ್ದದ್ದು ಮಹಾಗಗನದ ಸಿಮ್ಮೇ. ಪ್ರತಿ ಓಣಿಯಲ್ಲೂ ಅದನ್ನು ತಲೆಯ ಮೇಲೆ ಹಿಡಿದು ನೋಡುತ್ತಿದ್ದರು, ಒಂದು ಗೆರೆಯೂ ಬರಲಿಲ್ಲ. ಅದನ್ನೂ ಮುಖ ಬದಲಿಸದೆ ಬರೆದುಕೊಂಡರು. ನನ್ನ ಹಸಿರು ಮನೆಗಳಲ್ಲಿ ಯಂತ್ರ ನಾನು ಬರೆದಷ್ಟೇ ವೇಗ ತೋರಿಸಿತು. ಬಿಳಿ ಮನೆಗಳಿಗೆ ಬಂದಾಗ ತೊಂದರೆಯಾಯಿತು. ಗುಡ್ಡ ಕೆರೆಯ ಕಡೆ ಇದ್ದುದರಿಂದ ಸೋನಾಬಾಯಿಯ ಮನೆಯಲ್ಲಿ ನೆಟ್ ನೀರಿನಂತೆ ಹರಿಯುತ್ತಿತ್ತು.

"ಇಲ್ಲಿ ಚೆನ್ನಾಗೇ ಇದೆಯಲ್ಲಮ್ಮ. ಬಿಳಿ ಅಂತ ಯಾಕೆ ಬರೆದ್ರಿ? ಇರೋದನ್ನ ಇಲ್ಲ ಅನ್ನೋದೂ ಸುಳ್ಳೇ" ಎಂದರು. ಅವರ ಬೆರಳು ಯಂತ್ರದ ಮೇಲೆ ಇದ್ದಂತೆಯೇ ಅಂಕಿ ಸೊನ್ನೆಗೆ ಇಳಿಯಿತು. ತಟ್ಟಿ ನೋಡಿದರು, ಅಲ್ಲಾಡಿಸಿದರು. ಕೋಣೆಯ ಬೆಳಕೂ ಮಂಕಾಯಿತು. ಸೋನಾಬಾಯಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಬಂತು ನೋಡ್ರಿ ಸವತಿ" ಎಂದಳು.

ಧರಣೇಂದ್ರ ಹೊರಗೆ ಹೋದರು. ಓಣಿಯ ಮುಂದಿನ ಬಯಲಿನಲ್ಲಿ, ಬಸ್ಸಿನ ರಸ್ತೆಯ ಮೇಲೆಯೇ ಗುಡ್ಡ ಕೂತಿತ್ತು. ಮೇಲೆ ಆಡುಗಳು ಮೇಯುತ್ತಿದ್ದವು. ಅವರು ಕೆರೆಯ ಕಡೆ ತಿರುಗಿ ನೋಡಿದರು, ಮತ್ತೆ ಗುಡ್ಡ ನೋಡಿದರು. ಕೊನೆಗೆ, "ಇದು ಬೆಳಗ್ಗೆ ಇಲ್ಲಿ ಇರಲಿಲ್ಲ ಅಲ್ವಾ?" ಎಂದು ಮೆಲ್ಲಗೆ ಕೇಳಿದರು.

"ಇರಲಿಲ್ರಿ."

ಅವರು ಕಟ್ಟೆಯ ಮೇಲೆ ಕೂತುಬಿಟ್ಟರು. ಸೋನಾಬಾಯಿ ಒಂದು ತಂಬಿಗೆ ನೀರು ತಂದು ಕೊಟ್ಟಳು. ಪರಿಶೀಲನೆ ಮುಗಿಯದಿದ್ದರೂ ಅಷ್ಟನ್ನೂ ಕುಡಿದರು.

ಊರಿನಿಂದ ಹೋಗುವ ಬಸ್ಸು ಗುಡ್ಡದ ಈಚೆ ನಿಂತಿತು. ಡ್ರೈವರು ಕಂಡಕ್ಟರು ನೆರಳಲ್ಲಿ ಟವೆಲು ಹಾಸಿ ಮಲಗಿದರು, ಅವರಿಗೆ ಇದು ರೂಢಿ. ಧರಣೇಂದ್ರ ಮಾತ್ರ ಕೂತಲ್ಲಿ ಕೂರದಾದರು. ಗಡಿಯಾರ ನೋಡುವುದು, ಫೋನು ಮೇಲೆತ್ತುವುದು, ಗುಡ್ಡದ ಹತ್ತಿರ ಹೋಗಿ ಅದನ್ನು ಎಬ್ಬಿಸಬಹುದೇನೋ ಎಂಬಂತೆ ನಿಲ್ಲುವುದು. ಇಮಾಂಸಾಬ ಹತ್ತಿರ ಹೋಗಿ, "ಸಾಹೇಬ್ರ, ಮನಿಯಾಗ ಯಾರಿಗರೆ ಆರಾಮಿಲ್ಲೇನ್ರಿ?" ಎಂದು ಕೇಳಿದ.

"ಹಾಗೇನಿಲ್ಲ. ಇವತ್ತು ಸಂಜೆ ಒಬ್ಬರ ಜೊತೆ ವಿಡಿಯೋದಲ್ಲಿ ಮಾತಾಡಬೇಕಿತ್ತು. ಹೆಣ್ಣಿನ ಕಡೆಯವರು. ಸನ್ಮತಿ ಅಂತ, ಶಾಲೆಯಲ್ಲಿ ಟೀಚರ್. ಊರು ಮುಟ್ಟಿಕೊಂಡು ಮಾತಾಡೋಣ ಅಂದುಕೊಂಡಿದ್ದೆ." ತಾವೇ ಮುಂದುವರಿಸಿದರು. "ಎಷ್ಟೋ ಸಂಬಂಧ ಬಂದು ಹೋದವು. ನನಗೆ ಹೆಚ್ಚು ಮಾಡಿ ಹೇಳೋಕೆ ಬರಲ್ಲ. ಒಬ್ಬರು ನಿಮ್ಮ ಮನೆ ದೊಡ್ಡದಾ ಅಂತ ಕೇಳಿದ್ರು, ಅಳತೆ ಹೇಳಿಬಿಟ್ಟೆ. ಇನ್ನೊಬ್ಬರು ನಾನು ಹೇಗೆ ಹಾಡ್ತೀನಿ ಅಂತ ಕೇಳಿದ್ರು. ಅದನ್ನೂ ನಿಜ ಹೇಳಿದೆ. ಇವತ್ತೂ ಹೇಳಿದ ಹೊತ್ತಿಗೆ ಸಿಗಲಿಲ್ಲ ಅಂದ್ರೆ ಮುಗೀತು."

ಇಮಾಂಸಾಬ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ನಮ್ಮ ಕಂಬ ಉಳಿಯುವುದು ಬಿಡುವುದು ಆ ಮನುಷ್ಯನ ಕೈಯಲ್ಲಿತ್ತು, ಅದು ನಿಜ. ಆದರೆ ಆ ಗಳಿಗೆಯಲ್ಲಿ ನನಗೆ ಅದು ನೆನಪಿಗೆ ಬರಲಿಲ್ಲ ಎಂದರೆ ನಂಬಬೇಕು. ಓಣಿಯಲ್ಲಿ ಒಬ್ಬ ಗಂಡಸು ಫೋನು ಹಿಡಿದು ಹಾಗೆ ನಿಂತಿದ್ದರೆ ಸುಮ್ಮನಿರುವುದು ನೆಟ್ಟಿನವರಿಂದ ಆಗುವ ಕೆಲಸವಲ್ಲ.

"ಗುಡ್ಡದ ಬಗಲಾಗ ಹಾಯಿಸಿ ಒಯ್ಯೂಣೇನ್ರಿ ಅಕ್ಕಾರ?" ಎಂದ ಇಮಾಂಸಾಬ. ಅಂದರೆ ಟಾಕಿಯಿಂದ ಗಿರಣಿಯ ಮಾಳಿಗೆಗೆ, ಗಿರಣಿಯಿಂದ ಗೌಡರ ಮಾಳಿಗೆಗೆ, ಗೌಡರ ಮನೆಯಿಂದ ಸೋನಾಬಾಯಿಯ ಮನೆಗೆ, ಗುಡ್ಡವನ್ನು ಬಳಸಿಕೊಂಡು ಸಿಗ್ನಲ್ ತರುವುದು. ಡಿಶ್ ಇದ್ದವು, ಗೌಡರ ಮನೆಯ ಮೇಲೆ ಮಾತ್ರ ಅದನ್ನು ಕಟ್ಟಲು ಕಂಬ ಇರಲಿಲ್ಲ. ಗೌಡರ ಮಾಳಿಗೆಯ ಮೇಲೆ ಯಾರಾದರೂ ಡಿಶ್ ಹಿಡಿದು ನಿಲ್ಲಬೇಕಿತ್ತು. ಮಲ್ಲಸರ್ಜಪ್ಪಗೌಡರು ರುಮಾಲು ಸರಿಪಡಿಸಿಕೊಂಡು, "ನಮ್ಮ ಮಾಳಿಗಿ ಮ್ಯಾಲ ನಾನ ಹಿಡೀತೀನಿ. ಕೂಲಿಯವ್ರಿಗೆ ಕೊಡೂ ಮಾತ ಇಲ್ಲ" ಎಂದು ಹತ್ತಿಬಿಟ್ಟರು.

ಇತ್ತ ಸೋನಾಬಾಯಿ ಸಾಹೇಬರನ್ನು ಸುಮ್ಮನೆ ಬಿಡಲಿಲ್ಲ. ಅವರು ಜೈನರು, ಹೊತ್ತು ಮುಳುಗುವ ಮುನ್ನ ಊಟವಾಗಬೇಕು ಎಂದು ತಿಳಿದು ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ ಪಲ್ಯ ಮಾಡಿ ರೊಟ್ಟಿ ಬಡಿದು ಬಡಿಸಿದಳು. ಅವರ ಅಂಗಿಯ ಮೇಲೆ ಓಣಿಯ ಧೂಳು ಕೂತಿತ್ತು. ಯಾರೋ ಮದುಮಗನಿಗೆಂದು ಹೊಲಿದಿಟ್ಟಿದ್ದ ಕೆನೆಬಣ್ಣದ ಜುಬ್ಬ ತೊಡಿಸಿ, ತೋಳು ಉದ್ದವಾಯಿತೆಂದು ನಿಂತಲ್ಲೇ ಪಿನ್ನು ಚುಚ್ಚಿದಳು. "ಕೈ ಭಾಳ ಅಲ್ಲಾಡಿಸಬ್ಯಾಡ್ರಿ, ಚುಚ್ಚತಾವ" ಎಂದು ಎಚ್ಚರಿಸಿದಳು.

ಹೇಳಿದ ಹೊತ್ತಿಗೆ ಸರಿಯಾಗಿ ಕರೆ ಹೋಯಿತು. ನಾವು ಮರ್ಯಾದೆಯಿಂದ ಹೊರಗೆ ಕೂತೆವು, ಆದರೆ ಕಿಟಕಿ ತೆರೆದೇ ಇತ್ತು. ತೆರೆಯ ಮೇಲೆ ಸನ್ಮತಿಯ ಮುಖ ಬಂತು, ದುಂಡು ಕನ್ನಡಕ, ಪಕ್ಕದಲ್ಲಿ ಅವಳ ಸೋದರತ್ತೆಯ ಅರ್ಧ ಹಣೆ. ಒಂದೆರಡು ಮಾತಾಗುವಷ್ಟರಲ್ಲಿ ಚಿತ್ರ ನಿಂತುಹೋಯಿತು. ಗೌಡರು ಸೀನಿದ್ದರು. ಮತ್ತೆ ಬಂತು. ಗೌಡರು ಮೂಗು ಒರೆಸಿಕೊಂಡರು, ಮತ್ತೆ ಹೋಯಿತು. ಇಮಾಂಸಾಬ ಟಾಕಿಯ ಮೇಲಿಂದ, "ಗೌಡ್ರ, ಎಡಕ್ಕ! ಎಡಕ್ಕ ಅಂದ್ರ ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕ!" ಎಂದು ಕೂಗುತ್ತಿದ್ದ. ಗೌಡರ ಜೊತೆ ಅಷ್ಟು ಜೋರಾಗಿ ಮಾತಾಡಿದವರು ಊರಲ್ಲಿ ಅವತ್ತಿನ ತನಕ ಇರಲಿಲ್ಲ.

"ನಿಮ್ಮ ಮುಖ ಪದೇ ಪದೇ ನಿಂತಬಿಡ್ತೈತ್ರಿ. ನೆಟ್ವರ್ಕ್ ಇಲ್ಲೇನ್ರಿ ಅಲ್ಲಿ?" ಸನ್ಮತಿಯ ದನಿ ಕೇಳಿತು.

ಬೇರೆ ಯಾರೇ ಆಗಿದ್ದರೂ ಮಳೆ, ಮೋಡ, ಕರೆಂಟು ಎನ್ನುತ್ತಿದ್ದರು.

"ಇದೆ. ನಡುವೆ ಗುಡ್ಡ ಬಂದಿದೆ" ಎಂದರು ಧರಣೇಂದ್ರ.

"ಗುಡ್ಡ ಮೊದಲಿಂದಲೂ ಅಲ್ಲೇ ಇರ್ತೈತಲ್ರಿ?"

"ಇಲ್ಲ. ಬೆಳಗ್ಗೆ ಕೆರೆ ಹತ್ತಿರ ಇತ್ತು. ಮಧ್ಯಾಹ್ನ ಇಲ್ಲಿಗೆ ಬಂತು."

ಆ ಕಡೆ ಅರ್ಧ ಹಣೆಯ ಅತ್ತೆ, ಪಿಸುಮಾತೆಂದು ತಿಳಿದುಕೊಂಡು, "ಕುಡದಾನೇನ ಕೇಳವಾ" ಎಂದದ್ದು ಓಣಿಗೆಲ್ಲ ಕೇಳಿಸಿತು. ಸೋನಾಬಾಯಿ ಹಣೆ ಬಡಿದುಕೊಂಡಳು.

"ನಾನು ಕುಡಿಯಲ್ಲ. ಸುಳ್ಳೂ ಹೇಳಲ್ಲ. ನನಗೂ ಇದು ಅರ್ಥವಾಗಿಲ್ಲ, ಆದರೆ ನೋಡಿದ್ದು ಹೀಗೆ" ಎಂದರು ಅವರು. ಅಷ್ಟರಲ್ಲಿ ಹೊರಗೆ ದೊಡ್ಡದೊಂದು ಉಸಿರು ಕೇಳಿತು. ಆಡುಗಳು ಕಿವಿ ನಿಮಿರಿಸಿದವು. ಧರಣೇಂದ್ರ ಪಿನ್ನು ಚುಚ್ಚಿದ್ದನ್ನೂ ಲೆಕ್ಕಿಸದೆ ಎದ್ದು ಕಿಟಕಿಗೆ ಓಡಿ ಫೋನನ್ನು ಹೊರಗೆ ತಿರುಗಿಸಿದರು. ಗುಡ್ಡ ಎದ್ದು, ಇಳಿಬಿಸಿಲನ್ನು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಸರಿಸುತ್ತ ಉತ್ತರಕ್ಕೆ ಹೊರಟಿತು. ಟಾಕಿ ಕಂಡಿತು. ಒಮ್ಮೆಗೇ ಸನ್ಮತಿಯ ಮುಖ ಕನ್ನಡಿಯಲ್ಲಿ ಕಂಡಂತೆ ಸ್ವಚ್ಛವಾಯಿತು, ಬಾಯಿ ತೆರೆದಿತ್ತು.

"ಯವ್ವಾ, ಹೊಂಟೈತಿ!" ಎಂದಳು.

ರಸ್ತೆ ತೆರವಾಯಿತು. ಬಸ್ಸು ಹಾರ್ನ್ ಹೊಡೆಯಿತು. "ಸಾಹೇಬ್ರ, ಬರ್ತೀರೋ ಇಲ್ಲೋ?" ಎಂದು ಕಂಡಕ್ಟರು ಕೂಗಿದ. ಧರಣೇಂದ್ರ ಕಿಟಕಿಯಿಂದಲೇ ಹೋಗು ಹೋಗು ಎಂದು ಕೈಬೀಸಿದರು. ಮಾತು ಬಹಳ ಹೊತ್ತು ನಡೆಯಿತು. ಈಗ ಗೌಡರ ಡಿಶ್ ಬೇಕಿರಲಿಲ್ಲ. ಇಳಿಸಿರಿ ಎಂದು ನಾನು ಹೋಗಿ ಹೇಳಿದರೆ, "ಬ್ಯಾಡ್ರೆವಾ, ಚೊಲೋ ಮಾತಾಡಾಕತ್ತಾರ. ನಾ ಇಳಿಸಿ ಏನರೆ ಹೆಚ್ಚುಕಮ್ಮಿ ಆದ್ರ?" ಎಂದು ಹಾಗೆಯೇ ಹಿಡಿದು ನಿಂತರು.

ಮರುದಿನ ಬೆಳಗ್ಗೆ ಧರಣೇಂದ್ರ ನನ್ನ ಕಚೇರಿಗೆ, ಅಂದರೆ ನನ್ನ ಮನೆಯ ಪಡಸಾಲೆಗೆ ಬಂದು ಕಂಪ್ಯೂಟರಿನ ಮುಂದೆ ಕೂತರು. ಮುಖದಲ್ಲಿ ನಿನ್ನೆಯ ಬೆಳಕು ಇತ್ತು, ಹಣೆಯಲ್ಲಿ ಚಿಂತೆಯೂ ಇತ್ತು.

"ಗುಡ್ಡ ಓಡಾಡುತ್ತೆ ಅಂತ ಬರೆದರೆ ನನ್ನನ್ನು ಮೊದಲು ಡಾಕ್ಟರ್ ಹತ್ತಿರ ಕಳಿಸ್ತಾರೆ, ಆಮೇಲೆ ನಿಮ್ಮ ವರದಿ ತಿರಸ್ಕಾರ ಮಾಡ್ತಾರೆ. ಓಡಾಡಲ್ಲ ಅಂತ ಬರೆದರೆ ಸುಳ್ಳು" ಎಂದರು.

"ನೀವು ತೊಂದರಿ ತೊಗೋಬ್ಯಾಡ್ರಿ ಸಾಹೇಬ್ರ. ಕಂಬ ಹೋದ್ರ ಹೋಗ್ಲಿ" ಎಂದೆ. ಬಾಯಿಮಾತಿಗೆ ಅಂದದ್ದಲ್ಲ.

ಅವರು ಅಡೆತಡೆಯ ಪಟ್ಟಿಯನ್ನು ಕೆಳಗೆ ಕೆಳಗೆ ಸರಿಸುತ್ತ ಹೋದರು. ಗುಡ್ಡ, ಸ್ಥಿರ. ಕಟ್ಟಡ, ಸ್ಥಿರ. ಮರ, ಸ್ಥಿರ. ಎಲ್ಲಕ್ಕಿಂತ ಕೆಳಗೆ, ಯಾರೂ ಅಷ್ಟು ದೂರ ಹೋಗಿರದ ಕಡೆ, ಇನ್ನೊಂದಿತ್ತು: ವಾಹನ, ಚಲಿಸುವಂಥದ್ದು. ಅದನ್ನು ಒತ್ತಿದರು. ಪೋರ್ಟಲ್ ಸ್ಥಳ ಕೇಳಲಿಲ್ಲ. ವಾಹನ ಸಾಮಾನ್ಯವಾಗಿ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಮಾತ್ರ ಕೇಳಿತು. ನಾನು ಹೇಳಿದೆ, ಅವರು ಬರೆದರು.

"ಇದು ಸುಳ್ಳಲ್ಲ ಅಲ್ವಾ?" ಎಂದು ನನ್ನನ್ನು ಕೇಳಿದರು.

"ಅಲ್ರಿ. ಚಲಿಸ್ತೈತಿ. ಮ್ಯಾಲ ಆಡೂ ಕುಂತಿರ್ತಾವ."

ಸ್ವಲ್ಪ ಯೋಚಿಸಿ ಸಹಿ ಹಾಕಿದರು. ಹೆಚ್ಚು ಹೊತ್ತು ನೆಟ್ ಸಿಗುವ ಮನೆಗಳೆಲ್ಲ ಈಗ ಹಳದಿಯಾದವು, ಸೋನಾಬಾಯಿಯ ಮನೆಯೂ. ಹಳದಿ ಮನೆಗಳಿಗೆ ಇನ್ನೊಂದು ದಿಕ್ಕಿನಿಂದ ಸಿಗ್ನಲ್ ಕೊಡಲು ಎರಡನೇ ಕಂಬಕ್ಕೆ ಸರಕಾರದ ನೆರವು ಸಿಗುತ್ತದೆ ಎಂದು ಅವರೇ ಅರ್ಜಿ ತುಂಬಿದರು. ಮಹಾಗಗನದ ಹಸಿರನ್ನು ಅವರದೇ ಸಿಮ್ಮಿನ ಸಾಕ್ಷಿಯಿಂದ ಅಳಿಸಿದರು. ತಿಂಗಳೊಳಗೆ ವರದಿ ಮಂಜೂರಾಯಿತು. ಎರಡನೇ ಕಂಬ ಗೌಡರ ಮಾಳಿಗೆಯ ಮೇಲೆ ನಿಂತಿತು, ಅವರು ಬಿಟ್ಟರೆ ತಾನೆ. ಕಂಬವಿರುವ ಮನೆ ನಕ್ಷೆಯಲ್ಲಿ ಕಡುಹಸಿರು. ಗೌಡರು ಇನ್ನೂ ಮೊಬೈಲು ತೆಗೆದುಕೊಂಡಿಲ್ಲ. ಸೋನಾಬಾಯಿ ಈಗ ಟೇಪು ಹಾಕಿಕೊಂಡು ನನ್ನ ಮನೆಗೆ ಬಂದರೆ ನನ್ನ ಕುಪ್ಪಸದ ಅಳತೆಗೆ ಮಾತ್ರ.

ಒಂದೇ ಒಂದು ಕಿರಿಕಿರಿ ಉಳಿಯಿತು. ಸಾರಿಗೆ ಕಚೇರಿಯಿಂದ ಪಂಚಾಯಿತಿಗೆ ಪತ್ರ ಬಂತು: ನಿಮ್ಮೂರಿನ ಭಾರೀ ವಾಹನ ನೋಂದಣಿಯಾಗಿಲ್ಲ, ತಪಾಸಣೆಗೆ ತನ್ನಿ. ಅದು ತನ್ನ ಮನಸ್ಸಿಗೆ ಬಂದಾಗ ಬರುತ್ತದೆ ಎಂದು ಪಂಚಾಯಿತಿ ಉತ್ತರ ಬರೆಯಿತು.

ಆಮೇಲೆ ಒಂದು ಭಾನುವಾರ ಸನ್ಮತಿ ಬಂದಳು, ಅತ್ತೆಯ ಜೊತೆ. ಧರಣೇಂದ್ರ ಮೊದಲೇ ಬಂದು ಬಸ್ಸಿಗಾಗಿ ಕಾದಿದ್ದರು. ಫೋನಿನಲ್ಲಿ ಕಂಡದ್ದನ್ನು ಕಣ್ಣಾರೆ ನೋಡಿಯೇ ಒಪ್ಪುವುದೆಂದು ಅತ್ತೆ ಹಟ ಹಿಡಿದಿದ್ದರಂತೆ. ಈಗಿನ ಕಾಲದಲ್ಲಿ ಫೋನಿನಲ್ಲಿ ಬೆಟ್ಟವೇನು, ಆನೆಯನ್ನೂ ಹಾರಿಸುತ್ತಾರೆ ಎಂಬುದು ಅವರ ಮಾತು. ಇಡೀ ಊರು ಬಯಲಿನಲ್ಲಿ ನೆರೆಯಿತು. ಗುಡ್ಡ ಕೆರೆಯ ಕಡೆ ಕೂತಿತ್ತು. ಕೂತೇ ಇತ್ತು. ಬಿಸಿಲೇರಿತು, ಉಪ್ಪಿಟ್ಟು ಮುಗಿಯಿತು, ಗುಡ್ಡ ಒಂದು ಕಲ್ಲನ್ನೂ ಉರುಳಿಸಲಿಲ್ಲ. ಇಮಾಂಸಾಬ ಟಾಕಿಯ ಮೇಲಿಂದ ಅದರ ಹತ್ತಿರ ಒಳ್ಳೆಯ ಮಾತಿನಲ್ಲಿ ಬೇಡಿಕೊಂಡ, ಗೌಡರು ಗದರಿದರು. ಧರಣೇಂದ್ರ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು.

"ನಾ ಹೇಳಿದ್ನಿಲ್ಲೋ? ಗುಡ್ಡ ಅಂದ್ರ ಗುಡ್ಡನ. ನಡೀ, ಹೋಗೂಣು" ಎಂದರು ಅತ್ತೆ.

"ಇಷ್ಟು ದೂರ ಬಂದೀವಿ, ಮ್ಯಾಲರೆ ಹತ್ತಿ ಬರ್ತೀನಿ ತಡಿ" ಎಂದ ಸನ್ಮತಿ ಸೆರಗು ಸಿಕ್ಕಿಸಿಕೊಂಡು, ಸೋನಾಬಾಯಿ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು, ಆಡುಗಳ ದಾರಿಯಲ್ಲಿ ಹತ್ತಿಹೋದಳು. ತುದಿಯ ಮೇಲೆ ಕೂತು ಗಂಟು ಬಿಚ್ಚಿದ್ದು ಕೆಳಗಿನಿಂದ ಕಂಡಿತು. ಅಷ್ಟರಲ್ಲಿ ಉಸಿರು ಕೇಳಿತು.

ಅತ್ತೆಯ ಕೂಗಾಟ ಏನು ಹೇಳಲಿ. "ಇಳೀ, ಇಳೀ" ಎಂದು ಅವರು ಗುಡ್ಡದ ಹಿಂದೆ ಓಡಿದರು. ಅವರ ಹಿಂದೆ ಧರಣೇಂದ್ರ, ಧರಣೇಂದ್ರರ ಹಿಂದೆ ಊರು. ಗುಡ್ಡ ಅವಸರ ಮಾಡಲಿಲ್ಲ. ಸನ್ಮತಿಯನ್ನೂ ಆಡುಗಳನ್ನೂ ಹೊತ್ತು ಕೆರೆಯ ದಂಡೆ ಬಳಸಿ, ಟಾಕಿಯ ಪಕ್ಕಕ್ಕೆ ಬಂದು, ಇಮಾಂಸಾಬ ಮತ್ತು ಅವಳು ಎದುರುಬದುರು ನಮಸ್ಕಾರ ಮಾಡುವಷ್ಟು ಹತ್ತಿರ ಹಾದು, ಶಿಂಪಿ ಓಣಿಯ ಮುಂದಿನ ಬಯಲಿನಲ್ಲಿ ಮೆಲ್ಲಗೆ ಕೂತಿತು. ನಾವೆಲ್ಲ ಏದುಸಿರು ಬಿಡುತ್ತ ಹೋಗಿ ನಿಂತಾಗ ಅವಳು ಸೀರೆ ಕೊಡವಿಕೊಳ್ಳುತ್ತ ಇಳಿಯುತ್ತಿದ್ದಳು. ಕನ್ನಡಕ ಸರಿಮಾಡಿಕೊಂಡು ಮೊದಲು ಅತ್ತೆಯನ್ನು ನೋಡಿದಳು. ಅತ್ತೆ ನೆಲದ ಮೇಲೆ ಕೂತು, ಆಯಿತು ಎಂಬಂತೆ ತಲೆಯಾಡಿಸಿದರು. ಆಮೇಲೆ ಸನ್ಮತಿ ಧರಣೇಂದ್ರರ ಕಡೆ ತಿರುಗಿದಳು.

"ಸ್ಪೀಡ್ ಸ್ವಲ್ಪ ಕಮ್ಮಿ ಐತ್ರಿ" ಎಂದಳು. "ಆದ್ರ ಕವರೇಜ್ ಚೊಲೋ ಐತಿ."